ಹೆಸರು ಕೇಳುವ ಗೇಟು

ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಮದುವೆಯಾದ ಮಾರನೆಯ ದಿನ, ಗಂಡನ ಮನೆಯ ಹೊಸಿಲಿನಲ್ಲಿ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದರ ಹಿಂದೆ ನಾದಿನಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು.

"ಹೆಸರು ಹೇಳಿ ಒಳಕ್ಕೆ ಬಾ ಅತ್ತಿಗೆ. ಹೇಳ್ದಿದ್ರೆ ರಾತ್ರಿಯೆಲ್ಲ ಇಲ್ಲೇ ನಿಂತಿರು."

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಳಗಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ತಟ್ಟನೆ ಹೇಳಿಬಿಟ್ಟೆ. ಮದುಮಗಳು ಅಷ್ಟು ಬೇಗ ಹೇಳಬಾರದಂತೆ. ತಲೆ ಬಗ್ಗಿಸಬೇಕಂತೆ, ನಾಚಬೇಕಂತೆ, ನಾಲ್ಕು ಸಲ ಕೇಳಿಸಿಕೊಳ್ಳಬೇಕಂತೆ. "ಗಟ್ಟಿಗಿತ್ತಿ ಕಣೇ ಇವಳು" ಎಂದು ಯಾರೋ ನಕ್ಕರು. ನಾದಿನಿಗೆ ಸಪ್ಪಗಾಯಿತು. ನಾನು ಸೇರು ಒದ್ದು ಒಳಗೆ ಹೋಗಿ ಊಟ ಮಾಡಿದೆ.

ಆಮೇಲೆ ಹೇಳಲಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅತ್ತೆ ಎಚ್ಚರಿಸಿದ್ದರು. ನಾನು ಅದನ್ನು ನಂಬಿದ್ದೆ ಎಂದೇನಲ್ಲ. ಕೇರಿಯಲ್ಲಿ ಯಾವ ಹೆಂಗಸೂ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ರೇಷನ್ ಅಂಗಡಿಯವನು ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಜನಗಣತಿಯವನು ಬಂದರೆ ಪಕ್ಕದ ಮನೆಯವಳನ್ನು ಕರೆಯುತ್ತಿದ್ದೆ. ಅವಳು ನನ್ನ ಗಂಡನ ಹೆಸರು ಹೇಳುತ್ತಿದ್ದಳು, ಅವಳ ಗಂಡನದು ನಾನು ಹೇಳುತ್ತಿದ್ದೆ. ಸಲೀಸಾಗಿ ನಡೆದುಹೋಗುತ್ತಿತ್ತು. ಮಗ ಮಾತು ಕಲಿತ ಮೇಲೆ ಆ ಕೆಲಸ ಅವನಿಗೆ ಬಂತು.

ಹಾಗಾಗಿ ಇಲ್ಲಿಯೂ ಆ ಹೆಸರು ಬರೆಯುವುದಿಲ್ಲ. ಅವರದನ್ನೇ ಬರೆಯದ ಮೇಲೆ ಬೇರೆಯವರದನ್ನು ಬರೆಯುವುದು ಸರಿ ಕಾಣುವುದಿಲ್ಲ. ಯಾರ ಹೆಸರೂ ಇರುವುದಿಲ್ಲ. ಅರ್ಥ ಬೇಕಾದರೆ ಹೇಳಬಹುದು. ಅವರ ಹೆಸರಿನ ಅರ್ಥ ಮೂರು ಕಣ್ಣಿನವನು ಎಂದು. ಶಿವನ ಹೆಸರು. ಅವರ ಮನೆದೇವರು ಬೆಟ್ಟದ ಮೇಲಿನ ಶಿವ, ಅವರ ತಾತನಿಗೂ ಅದೇ ಹೆಸರಿತ್ತು. ಹಿರಿಯ ಮೊಮ್ಮಗನಿಗೆ ತಾತನ ಹೆಸರು ಇಡುವುದು ಆ ಮನೆಯ ಪದ್ಧತಿ. ಯಜಮಾನರು ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮೂರು ಕಣ್ಣಿನ ಹೆಸರಿಟ್ಟುಕೊಂಡು ತಲೆಯ ಮೇಲಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಮನುಷ್ಯ. ಕುಡಿಯುತ್ತಿರಲಿಲ್ಲ, ಹೊಡೆಯಲಿಲ್ಲ, ಹೆಚ್ಚು ಮಾತಾಡಲಿಲ್ಲ. ನನ್ನನ್ನು "ಲೇ" ಎನ್ನುತ್ತಿದ್ದರು. ಮಗ ಹುಟ್ಟಿದ ಮೇಲೆ "ಅವನಮ್ಮ" ಎನ್ನತೊಡಗಿದರು.

ನನ್ನ ಹೆಸರಿನ ಅರ್ಥವನ್ನೂ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. ನಾನು ನಾಲ್ಕನೆಯ ಹೆಣ್ಣು. ಇನ್ನು ಹೆಣ್ಣು ಬೇಡ ಎಂದು ದೇವರಿಗೆ ತಿಳಿಯಲಿ ಅಂತ ನನಗೆ ಹೆಸರಿಟ್ಟರು. ಸಾಕು ಎಂದು ಅರ್ಥ. ನಮ್ಮ ಕಡೆ ಅಂಥ ಹೆಸರಿನವರು ಬೇಕಾದಷ್ಟು ಜನ. ನನ್ನ ಬೆನ್ನಿಗೇ ಇನ್ನಿಬ್ಬರು ತಂಗಿಯರು ಹುಟ್ಟಿದರು. ಅವರಿಗೆ ದೇವಿಯರ ಹೆಸರಿಟ್ಟರು. ಹೇಳಿ ಪ್ರಯೋಜನವಿಲ್ಲ ಎಂದು ಅಪ್ಪನಿಗೆ ಗೊತ್ತಾಗಿರಬೇಕು.

ಯಜಮಾನರು ತೀರಿಕೊಂಡು ಎರಡು ವರ್ಷಕ್ಕೆ ಮೊಮ್ಮಗ ಹುಟ್ಟಿದ, ಜಪಾನಿನಲ್ಲಿ. ಮಗ ಸೊಸೆ ಆಗಲೇ ಎಡೋಗಾವಾದಲ್ಲಿ ಮನೆ ಮಾಡಿದ್ದರು. ಬಾಣಂತನಕ್ಕೆ ಬೀಗಿತ್ತಿ ಹೋಗಿದ್ದರು. ನಾಮಕರಣವನ್ನು ನಾನು ಮೈಸೂರಿನಲ್ಲಿ ಕುಳಿತು ಫೋನಿನಲ್ಲಿ ನೋಡಿದೆ. ಪುರೋಹಿತರು ಇನ್ನೊಂದು ಫೋನಿನಲ್ಲಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೆದು ಮಗ ತಟ್ಟೆಯನ್ನು ಫೋನಿಗೆ ತೋರಿಸಿದ. ಅಪ್ಪನ ಹೆಸರು. ಎಲ್ಲರೂ ನಾನು ಅಳುತ್ತೇನೆ ಎಂದು ಕಾದು ನೋಡುತ್ತಿದ್ದರು. ಮಗುವಿಗೆ ತಲೆಗೆ ಟೋಪಿ ಹಾಕಿಲ್ಲವಲ್ಲ, ಚಳಿಯಲ್ಲವೇ ಎಂದು ಕೇಳಿದೆ. ಈ ಮಗುವನ್ನು ನಾನು ಏನೆಂದು ಕರೆಯಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಸಾವಿರಾರು ಮೈಲಿ ದೂರದ ಮಗು, ಕರೆಯುವ ಸಂದರ್ಭ ಎಲ್ಲಿ ಬರುತ್ತದೆ ಎಂದುಕೊಂಡೆ. ಫೋನಿನಲ್ಲಿ "ಮರಿ" ಎನ್ನುತ್ತಿದ್ದೆ.

ಮರಿಗೆ ನಾಲ್ಕು ತುಂಬಿದಾಗ ಸಂದರ್ಭ ಬಂತು. ಸೊಸೆಗೆ ಶಿನಾಗಾವಾದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಓದಿದ ಹುಡುಗಿ, ಮಗು ಹುಟ್ಟಿದ ಮೇಲೆ ಮನೆಯಲ್ಲೇ ಕುಳಿತು ಒಣಗುತ್ತಿದ್ದಳು. ಮೊದಲ ಮೂರು ತಿಂಗಳು ಪ್ರೊಬೇಷನ್. ಆ ಮೂರು ತಿಂಗಳು ಬೇಗ ಬಿಟ್ಟು ಬರುವ ಹಾಗಿಲ್ಲ, ಆಮೇಲೆ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಬಹುದು. ಮಗ ವಾರದಲ್ಲಿ ಹೆಚ್ಚು ದಿನ ನಗೋಯಾದ ಕಾರ್ಖಾನೆಯಲ್ಲಿರುತ್ತಾನೆ. ಮರಿಯ ಶಾಲೆ ನಾಲ್ಕೂವರೆಗೆ ಬಿಡುತ್ತದೆ. ಮೂರು ತಿಂಗಳ ವೀಸಾ ಮಾಡಿಸಿ ನನ್ನನ್ನು ಕರೆಸಿಕೊಂಡರು. ನನ್ನ ಕೆಲಸ ಒಂದೇ: ನಾಲ್ಕೂವರೆಗೆ ಹೋಗಿ ಮಗುವನ್ನು ಕರೆತರುವುದು. ಅದು ನಡೆದರೆ ಸೊಸೆಯ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ವಿಮಾನ ನಿಲ್ದಾಣದಿಂದ ಮನೆಗೆ ಬರುವ ಟ್ರೇನಿನಲ್ಲೇ ಅವಳು ಅದನ್ನು ಸ್ಪಷ್ಟವಾಗಿ ಹೇಳಿದಳು. ಸುತ್ತಿ ಬಳಸಿ ಮಾತಾಡುವವಳಲ್ಲ, ಅದಕ್ಕೇ ನನಗೂ ಅವಳಿಗೂ ಸರಿಹೋಗುತ್ತದೆ.

ಮನೆಯಲ್ಲಿ ಮೊದಲ ದಿನವೇ ಒಂದು ವಿಚಿತ್ರ ಅನುಭವವಾಯಿತು. ಬೆಳಗ್ಗೆ ಸೊಸೆ ಅಡುಗೆಮನೆಯಿಂದ ನನ್ನ ಗಂಡನ ಹೆಸರು ಹಿಡಿದು ಕೂಗಿದಳು.

"ಎಷ್ಟ್ ಸಲ ಹೇಳ್ಬೇಕು ನಿಂಗೆ? ಶೂ ಹಾಕ್ಕೊಂಡು ಒಳಗೆ ಬರ್ಬೇಡ! ಹಲ್ಲುಜ್ಜಿದ್ಯಾ? ಕಿವಿ ಕೇಳಲ್ವಾ ನಿಂಗೆ? ಹಯಾಕು!"

ಹಯಾಕು ಎಂದರೆ ಬೇಗ. ಆ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ನಾನು ಕಾಫಿ ಲೋಟ ಹಿಡಿದು ಕುಳಿತಿದ್ದೆ. ನನಗೆ ಕೋಪ ಬರಬೇಕಿತ್ತೇನೋ, ಬರಲಿಲ್ಲ. ಆ ಮನುಷ್ಯನಿಗೆ ಹೀಗೆಯೇ ಹೇಳಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. ಗ್ರೀಸಿನ ಚಪ್ಪಲಿಯಲ್ಲಿ ಒಳಗೆ ಬರುತ್ತಿದ್ದವರು ಅವರೂ.

ಶಾಲೆಯನ್ನು ಇಲ್ಲಿ ಹೊಯ್ಕುಯೆನ್ ಎನ್ನುತ್ತಾರೆ. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಇಟ್ಟುಕೊಳ್ಳುವ ಜಾಗ. ಮನೆಯಿಂದ ಹತ್ತು ನಿಮಿಷದ ನಡಿಗೆ. ಎರಡು ಅಪಾರ್ಟ್‌ಮೆಂಟ್, ಒಂದು ಕೊಂಬಿನಿ ಅಂಗಡಿ, ಒಂದು ಸಿಗ್ನಲ್ ದಾಟಿದರೆ ಹಸಿರು ಕಬ್ಬಿಣದ ಗೇಟು. ಗೇಟಿನ ಕಂಬದಲ್ಲಿ ಒಂದು ಡಬ್ಬಿ. ಕಾಣಿಸುವ ಗಾಜು ಗೀಜು ಏನೂ ಇಲ್ಲ, ಧ್ವನಿ ಮಾತ್ರ ಹೋಗುತ್ತದೆ. ಗುಂಡಿ ಒತ್ತಿ ಮಗುವಿನ ತರಗತಿ ಹೇಳಬೇಕು, ಮಗುವಿನ ಹೆಸರು ಹೇಳಬೇಕು, ಕರೆದುಕೊಂಡು ಹೋಗಲು ಬಂದಿದ್ದೇನೆ ಎನ್ನಬೇಕು. ಆಗ ಒಳಗಿನಿಂದ ಬೀಗ ತೆಗೆಯುತ್ತಾರೆ. ಸೊಸೆ ಮೊದಲ ದಿನ ಜೊತೆಗೆ ಬಂದು ಕಲಿಸಿದಳು. ಮರಿಯದು ಉಸಾಗಿ, ಅಂದರೆ ಮೊಲದ ತರಗತಿ. ಕೊನೆಗೆ "ಒಮುಕಾಯೆ ದೆಸ್." ಮೊದಲನೆಯದನ್ನೂ ಕೊನೆಯದನ್ನೂ ಒಂದೇ ದಿನದಲ್ಲಿ ಕಲಿತೆ. ಮಧ್ಯದ್ದು ನನಗೆ ಕಲಿಸುವ ಅಗತ್ಯವಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು.

ನಾನು ಅವಳಿಗೆ ಏನೂ ಹೇಳಲಿಲ್ಲ. ಹೇಗೋ ನಡೆಯುತ್ತದೆ ಎಂದುಕೊಂಡೆ, ನಡೆಯಿತು ಕೂಡ. ಡಬ್ಬಿಯ ಆ ಕಡೆ ಒಬ್ಬಳು ಚಿಕ್ಕ ವಯಸ್ಸಿನ ಟೀಚರ್ ಇದ್ದಳು. ಎರಡು ದಿನದಲ್ಲಿ ನನ್ನ ಧ್ವನಿ ಗುರುತು ಹಿಡಿದಳು. ನಾನು "ಉಸಾಗಿ" ಎನ್ನುವಷ್ಟರಲ್ಲಿ "ಹಾಯ್, ಹಾಯ್" ಎಂದು ಬೀಗ ತೆಗೆಯುತ್ತಿದ್ದಳು. ಹಾಯ್ ಎಂದರೆ ಇಲ್ಲಿ ಹೂಂ ಎಂದು. ಅವಳು ಇಲ್ಲದ ದಿನ ಯಾರಾದರೂ ಮುಂದೆ ಹೋಗುವವರೆಗೆ ಕಾದು, ಅವರ ಹಿಂದೆಯೇ ನುಸುಳುತ್ತಿದ್ದೆ. ಹಾಗೆ ನುಸುಳಬಾರದು ಎಂದು ಗೇಟಿನ ಮೇಲೆ ಚಿತ್ರ ಸಮೇತ ಬರೆದಿತ್ತಂತೆ. ನಾನು ಆ ಚಿತ್ರವನ್ನು ಇಬ್ಬರು ಕೈಹಿಡಿದು ನಡೆಯುತ್ತಿದ್ದಾರೆ ಎಂದು ತಿಳಿದಿದ್ದೆ.

ಮೂರನೆಯ ವಾರ ಆ ಟೀಚರ್ ರಜೆ ಹಾಕಿ ಊರಿಗೆ ಹೋದಳು. ಡಬ್ಬಿಯಲ್ಲಿ ಹೊಸ ಧ್ವನಿ ಬಂತು.

"ಉಸಾಗಿ. ಒಮುಕಾಯೆ ದೆಸ್" ಎಂದೆ.

"ಒನಮಾಯೆ ವಾ?"

ಹೆಸರು ಕೇಳುತ್ತಿದ್ದಾಳೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಹಿಂದೆ ಸೈಕಲ್ ಹಿಡಿದ ಇಬ್ಬರು ತಾಯಂದಿರು ಸಾಲಿನಲ್ಲಿ ನಿಂತಿದ್ದರು. ನಾನು ಮತ್ತೆ "ಉಸಾಗಿ" ಎಂದೆ. ಅವಳು ಮತ್ತೆ ಅದನ್ನೇ ಕೇಳಿದಳು. "ಅಜ್ಜಿ" ಎಂದೆ. ಮತ್ತೆ ಅದೇ. ನಮ್ಮ ದೇಶಕ್ಕೆ ಇವರು ಇಂದೋ ಎನ್ನುವುದು ನೆನಪಾಗಿ "ಇಂದೋ" ಎಂದೆ. "ಹಾಯ್!" ಎಂದಳು. ಬೀಗ ತೆರೆಯಿತು. ಗೆದ್ದೆ ಎಂದುಕೊಂಡೆ.

ಮೊಲದ ತರಗತಿಯಲ್ಲಿ ಇಂದೋ ಮಕ್ಕಳು ಇಬ್ಬರು. ಹೊಸ ಟೀಚರ್ ಹಳದಿ ಟೋಪಿ ಹಾಕಿ, ಚೀಲ ನೇತುಹಾಕಿ ಕರೆತಂದದ್ದು ಇನ್ನೊಂದನ್ನು. ಪಕ್ಕದ ಅಪಾರ್ಟ್‌ಮೆಂಟಿನ ತೆಲುಗರ ಹುಡುಗಿ. ಆ ಮಗು ನನ್ನ ಮುಖ ನೋಡಿ, ಟೀಚರ್ ಮುಖ ನೋಡಿ, ನೆಲದ ಮೇಲೆ ಕುಳಿತು ಅಳತೊಡಗಿತು. ತನ್ನನ್ನು ಯಾರೋ ಮುದುಕಿಗೆ ಕೊಟ್ಟುಬಿಟ್ಟರು ಎಂದು ತಿಳಿಯಿತೇನೋ. ಒಳಗಿನಿಂದ ನಮ್ಮ ಮರಿ ಗಾಜಿಗೆ ಮೂಗು ಒತ್ತಿ ನಗುತ್ತಿತ್ತು.

"ಅಜ್ಜಿ, ಅದು ನಾನಲ್ಲ!"

ಕನ್ನಡದಲ್ಲಿ ಅವನು ಅಷ್ಟು ಉದ್ದದ ವಾಕ್ಯ ಹೇಳಿದ್ದು ಅದೇ ಮೊದಲು. ಟೀಚರ್ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಗ್ಗಿದಳು. ತಪ್ಪು ನನ್ನದೇ ಆಗಿದ್ದರಿಂದ ನಾನೂ ಬಗ್ಗಿದೆ. ನಾನು ಬಗ್ಗಿದ್ದಕ್ಕೆ ಅವಳು ಮತ್ತೆ ಬಗ್ಗಿದಳು. ಸೊಂಟ ಹಿಡಿದುಕೊಂಡದ್ದಷ್ಟೇ ಲಾಭ.

ಅಂದು ಸಂಜೆ ಶಾಲೆಯಿಂದ ಸೊಸೆಗೆ ಫೋನ್ ಹೋಯಿತು. ಅವಳು ಮೀಟಿಂಗಿನಿಂದ ಎದ್ದು ಹೊರಗೆ ಬಂದು ಮಾತಾಡಬೇಕಾಯಿತು. ಅಜ್ಜಿ ಮಗುವಿನ ಹೆಸರು ಹೇಳುವುದಿಲ್ಲ, ಹಿಂದಿನ ದಿನಗಳಲ್ಲೂ ಹೇಳಿಲ್ಲವಂತೆ, ಇದು ಇತ್ಯರ್ಥವಾಗುವವರೆಗೆ ತಾಯಿ ಅಥವಾ ತಂದೆಯೇ ಬರಬೇಕು ಎಂದರಂತೆ. ಮಗ ನಗೋಯಾದಲ್ಲಿದ್ದ. ಮುಂದಿನ ಮೂರು ದಿನ ಸೊಸೆ ಮೂರು ಗಂಟೆಗೆ ಆಫೀಸು ಬಿಟ್ಟು ಓಡಿ ಬಂದಳು. ಎರಡನೆಯ ದಿನ ಬಂದವಳೇ ಚೀಲವನ್ನು ಸೋಫಾದ ಮೇಲೆ ಎಸೆದಳು.

"ಏನಂದ್ರು ಆಫೀಸಲ್ಲಿ?" ಎಂದೆ.

"ಏನೂ ಅನ್ನಲ್ಲ ಅತ್ತೆ. ಇಲ್ಲಿ ಯಾರೂ ಬೈಯಲ್ಲ. ಮನೇಲಿ ಏನಾದ್ರೂ ತೊಂದ್ರೆ ಇದ್ಯಾ ಅಂತ ನಗ್ತಾ ಕೇಳಿದ್ರು. ಅದು ಬೈದಿದ್ದಕ್ಕಿಂತ ಜೋರು. ಇನ್ನೊಂದ್ ವಾರ ಹೀಗೇ ಆದ್ರೆ ನಾನೇ ರಿಸೈನ್ ಮಾಡ್ಬೇಕು. ಒಂದ್ ಹೆಸರು ಹೇಳೋಕೆ ನಿಮಗೇನ್ ಕಷ್ಟ? ಫೈವ್ ಸೆಕೆಂಡ್ಸ್ ಕೆಲಸ!"

"ಅದು ನಿನ್ನ ಮಾವನ ಹೆಸರು."

"ಗೊತ್ತು. ಆದ್ರೆ ಅದು ನನ್ ಮಗನ ಹೆಸರೂ ಹೌದಲ್ವಾ?"

"ಮೊದಲು ಯಾರದಾಗಿತ್ತು?"

ಆಗ ಅವಳಿಗೆ ಹೊಳೆಯಿತು. "ಅಂದ್ರೆ ಇಷ್ಟ್ ವರ್ಷದಲ್ಲಿ ಒಂದ್ಸಲಾನೂ ನೀವು ಇವನ್ನ ಹೆಸರಿಡಿದು ಕರೆದೇ ಇಲ್ವಾ?"

"ನಿಂಗೆ ಈಗ ಗೊತ್ತಾಯ್ತಾ?"

"ಮುದ್ದಿಗೆ ಮರಿ ಅಂತೀರಾ ಅಂದ್ಕೊಂಡಿದ್ದೆ!"

"ಮುದ್ದು ಎಲ್ಲಿಂದ ಬಂತು? ಬೇರೆ ದಾರಿ ಇರ್ಲಿಲ್ಲ, ಹಂಗಂದೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ರಾತ್ರಿ ಊಟಕ್ಕೆ ಚಪಾತಿ ನಾನೇ ಲಟ್ಟಿಸಿದೆ.

ಮಾರನೆಯ ಬೆಳಗ್ಗೆ ಸೊಸೆ, ಮರಿ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತ ಪ್ರಯತ್ನಿಸಿ ನೋಡಿದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಐದು ಸೆಕೆಂಡಿನ ಕೆಲಸಕ್ಕೆ ಒಬ್ಬ ಹುಡುಗಿಯ ನೌಕರಿ ಹೋಗುವುದು ನನಗೂ ಸರಿ ಕಾಣಲಿಲ್ಲ. ಮನೆಯಲ್ಲಿ ಯಾರೂ ಇಲ್ಲ, ನಲ್ಲಿ ಸದ್ದು ಇದೆ, ಹೇಳು ಎಂದು ನನಗೇ ಹೇಳಿಕೊಂಡೆ. ಬಾಯಿ ತೆರೆದೆ. ಮೊದಲ ಅಕ್ಷರಕ್ಕೆ ತುಟಿ ಸೇರಿತು, ಅಲ್ಲೇ ನಿಂತಿತು. ಭಯವೂ ಅಲ್ಲ, ಭಕ್ತಿಯೂ ಅಲ್ಲ. ಎಡಗೈಯಲ್ಲಿ ಊಟ ಮಾಡು ಎಂದರೆ ಕೈ ಹೇಗೆ ಮೇಲೇಳುವುದಿಲ್ಲವೋ ಹಾಗೆ. ನಾಲಗೆ ಕೆಟ್ಟಿದೆಯೋ ನೋಡೋಣ ಎಂದು ಬೇರೆ ಹೆಸರುಗಳನ್ನು ಹೇಳಿದೆ. ಮಗನದು ಬಂತು. ಸೊಸೆಯದು ಬಂತು. ನಾದಿನಿಯದು ಬಂತು. ಕೊನೆಗೆ ನನ್ನದೇ ಹೇಳಿಕೊಂಡೆ. ಅದೂ ಬಂತು, ಆದರೆ ಪರಿಚಯವಿಲ್ಲದ ಯಾರನ್ನೋ ಕರೆದ ಹಾಗೆ ಕೇಳಿಸಿತು. ಎಷ್ಟು ವರ್ಷವಾಗಿತ್ತೋ ಅದನ್ನು ಯಾರಾದರೂ ಕರೆದು. ಅಕ್ಕಂದಿರು ಹೋದ ಮೇಲೆ ಯಾರೂ ಇರಲಿಲ್ಲ. ಬ್ಯಾಂಕಿನಲ್ಲಿ ಮಾತ್ರ, ಅದೂ ಮೈಕಿನಲ್ಲಿ.

ಶನಿವಾರ ಮಗ ಬಂದ. ವಿಷಯ ಅವನಿಗೆ ಫೋನಿನಲ್ಲೇ ತಲುಪಿತ್ತು.

"ಅಮ್ಮ, ಅಪ್ಪ ಹೋಗಿ ಆರು ವರ್ಷ ಆಯ್ತು. ಇನ್ನು ಯಾರ ಆಯಸ್ಸು ಕಮ್ಮಿ ಆಗುತ್ತೆ ಹೇಳು?"

"ಅದೇ ಹೆಸರಿಂದು ಇನ್ನೊಂದು ಈ ಮನೇಲಿ ಓಡಾಡ್ತಾ ಇದ್ಯಲ್ಲ."

ಅವನು ಮರಿಯ ಕಡೆ ನೋಡಿದ. ಮರಿ ನೆಲದ ಮೇಲೆ ಆಟಿಕೆಯ ಟ್ರೇನು ಓಡಿಸುತ್ತಿತ್ತು. "ಛೆ, ನೀನು ಇದನ್ನೆಲ್ಲ ನಂಬ್ತೀಯಾ?" ಎಂದ.

"ನಂಬಲ್ಲ. ಪರೀಕ್ಷೆ ಮಾಡೋಕೂ ಇಷ್ಟ ಇಲ್ಲ."

"ನಾನು ಫೋನಲ್ಲಿ ಹೆಸರು ರೆಕಾರ್ಡ್ ಮಾಡಿ ಕೊಡ್ತೀನಿ. ಗೇಟ್ ಹತ್ರ ಒತ್ತು, ಮುಗೀತು."

"ಫೋನ್ ಕದ್ದೋನೂ ಮಗೂನ ಕರ್ಕೊಂಡ್ ಹೋಗ್ಬೋದು ಹಂಗಾದ್ರೆ."

ಎಂಜಿನಿಯರ್ ಮಗ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಬೇರೆ ಧ್ವನಿಯಲ್ಲಿ ಕೇಳಿದ. "ಅಪ್ಪನ ಮೇಲೆ ನಿಂಗೆ ಕೋಪ ಇತ್ತಾಮ್ಮಾ?"

"ಕೋಪ ಯಾಕೆ? ಅವ್ರ ಪಾಡಿಗೆ ಅವ್ರು, ನನ್ನ ಪಾಡಿಗೆ ನಾನು. ಚೆನ್ನಾಗೇ ಇದ್ವಿ."

"ಅವ್ರ ಹೆಸರು ಉಳೀಲಿ ಅಂತ ಇಟ್ಟೆ."

"ಉಳೀತು. ನಾನು ಕರೆಯೋ ಹಂಗಿಲ್ಲ ಅಷ್ಟೆ. ನಿಮ್ಮಜ್ಜಿ ನಿಮ್ಮಪ್ಪನ್ನ ಸಾಯೋವರೆಗೂ ಹೆಸರಿಡಿದು ಕರೀಲಿಲ್ಲ, ಗೊತ್ತಾ? ಮಾವನ ಹೆಸರು ಅಂತ. ಹೆತ್ತ ಮಗನ್ನೇ 'ದೊಡ್ಡೋನೆ' ಅಂತಿದ್ರು."

ಅವನಿಗೆ ಇದು ಗೊತ್ತಿರಲಿಲ್ಲ. ಗಂಡಸರಿಗೆ ಮನೆಯ ಹೆಸರುಗಳು ಗೊತ್ತಿರುತ್ತವೆ, ಯಾರು ಯಾರನ್ನು ಕರೆಯುವುದಿಲ್ಲ ಎನ್ನುವುದು ಗೊತ್ತಿರುವುದಿಲ್ಲ.

ಸೋಮವಾರ ಶಾಲೆಯ ಮುಖ್ಯಸ್ಥೆ ನಮ್ಮನ್ನು ಬರಹೇಳಿದ್ದರು. ಸೊಸೆ ಅರ್ಧ ದಿನ ರಜೆ ಹಾಕಿದಳು. ಇನ್ನು ರಜೆ ಕೇಳುವ ಹಾಗಿಲ್ಲ ಎಂದು ದಾರಿಯಲ್ಲಿ ಹೇಳಿದಳು. ಮೊಲದ ತರಗತಿಯಲ್ಲೇ ಕೂರಿಸಿದರು, ಮಕ್ಕಳು ಅಂಗಳದಲ್ಲಿದ್ದರು. ಕುರ್ಚಿಗಳು ಗೇಣುದ್ದದವು. ಕುಳಿತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಗೋಡೆಯ ತುಂಬ ಮಕ್ಕಳ ಚಿತ್ರಗಳು. ಒಂದು ಚಿತ್ರದಲ್ಲಿ ಹುಡುಗನೊಬ್ಬನ ಹಣೆಯ ಮೇಲೂ ಕಣ್ಣಿತ್ತು. ಸೊಸೆಯನ್ನು ಕೇಳಿದೆ. ಹುಟ್ಟುಹಬ್ಬದ ದಿನ ಮಗುವಿನ ಹೆಸರಿನ ಅರ್ಥ ಕೇಳುತ್ತಾರಂತೆ, ಅಪ್ಪ ಅಮ್ಮ ಏನು ಬಯಸಿ ಆ ಹೆಸರಿಟ್ಟರು ಎಂದು ಎಲ್ಲರಿಗೂ ಹೇಳುತ್ತಾರಂತೆ. ಆಮೇಲೆ ಮಕ್ಕಳು ಚಿತ್ರ ಬರೆಯುತ್ತಾರೆ. ಪಕ್ಕದ ಚಿತ್ರಗಳಲ್ಲಿ ಒಂದು ಹುಡುಗಿಯ ಸುತ್ತ ಹೂವು, ಒಬ್ಬ ಹುಡುಗನ ತಲೆಯ ಮೇಲೆ ಸೂರ್ಯ. ನಮ್ಮವನಿಗೆ ಮೂರು ಕಣ್ಣು. ಒಂದು ಕನ್ನಡಕ ಹಾಕಿದ್ದರೆ ಅವರೇ.

ಮುಖ್ಯಸ್ಥೆಗೆ ಅರವತ್ತರ ಹತ್ತಿರ ವಯಸ್ಸಿರಬೇಕು. ಏಪ್ರನ್ ಕಟ್ಟಿಕೊಂಡಿದ್ದರು, ಅದರ ಜೇಬಿನ ಮೇಲೆ ಮೊಲದ ಚಿತ್ರ. ಸೊಸೆ ಅವರಿಗೆ ಜಪಾನಿ ಭಾಷೆಯಲ್ಲಿ ತುಂಬಾ ಹೊತ್ತು ವಿವರಿಸಿದಳು. ನಡುನಡುವೆ ಎರಡೂ ಕೈ ಜೋಡಿಸುತ್ತಿದ್ದಳು. ಮುಖ್ಯಸ್ಥೆ ನಗಲಿಲ್ಲ. ನನ್ನನ್ನೊಮ್ಮೆ ನೋಡಿ ಏನೋ ಕೇಳಿದರು.

"ನಿಮ್ಮನ್ನ ನಿಮ್ ಯಜಮಾನ್ರು ಏನಂತ ಕರೀತಿದ್ರು ಅಂತ ಕೇಳ್ತಿದಾರೆ ಅತ್ತೆ."

"ಲೇ ಅಂತಿದ್ರು ಅಂತ ಹೇಳು."

ಸೊಸೆ ಹೇಳಿದಳು. ಮುಖ್ಯಸ್ಥೆ ತಲೆಯಾಡಿಸಿ ಒಂದೇ ಶಬ್ದ ಹೇಳಿದರು. "ಓಯ್." ಅವರ ಮನೆಯವರು ಅವರನ್ನು ಹಾಗೆ ಕರೆಯುತ್ತಾರಂತೆ. ಅವರು ಮನೆಯವರನ್ನು 'ಅಪ್ಪ' ಎನ್ನುತ್ತಾರಂತೆ, ಮಕ್ಕಳು ದೊಡ್ಡವರಾಗಿ ಬೇರೆ ಹೋದ ಮೇಲೂ. ಆದರೆ ನಿಯಮ ನಿಯಮವೇ, ಮೂವತ್ತು ಮಕ್ಕಳ ಜವಾಬ್ದಾರಿ ನಮ್ಮ ಮೇಲಿದೆ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸೊಸೆಯ ಮುಖ ಇಳಿಯಿತು.

ಆಗ ನಾನು ಹೇಳಿದೆ. "ಮಗುವಿನ ಹೆಸರು ಯಾಕೆ ಬೇಕಂತೆ ಕೇಳು."

"ಯಾರು ಬಂದಿದಾರೆ, ಯಾವ ಮಗೂನ ಕರ್ಕೊಂಡ್ ಹೋಗ್ತಾರೆ ಅಂತ ಗೊತ್ತಾಗೋಕೆ. ಇನ್ನೇನು?"

"ನನ್ನ ಹೆಸರು ಅವ್ರ ಹತ್ರ ಇದ್ಯಲ್ಲ, ನೀನು ಬರೆಸಿದ್ಯಲ್ಲ. ನಾನು ನನ್ನ ಹೆಸರು ಹೇಳ್ತೀನಿ. ಆ ಹೆಸರಿನ ಮುದುಕಿ ಈ ಊರಲ್ಲಿ ಇನ್ನೊಬ್ಳು ಇದಾಳಾ? ನಾನು ಬಂದ್ರೆ ಈ ಮಗು ಬಿಟ್ಟು ಬೇರೆ ಯಾವ್ದಕ್ಕೆ ಬರ್ತೀನಿ?"

ಸೊಸೆ ನನ್ನನ್ನು ಒಂದು ಥರ ನೋಡಿದಳು. ಆಮೇಲೆ ಮುಖ್ಯಸ್ಥೆಗೆ ಹೇಳಿದಳು. ಅವರು ಎದ್ದು ಹೋಗಿ ಇನ್ನೊಬ್ಬ ಟೀಚರ್ ಜೊತೆ ಮಾತಾಡಿ ಬಂದರು. ನನ್ನ ಹೆಸರನ್ನು ನಾನೇ ಹೇಳಬೇಕು ಎಂದರು. ಹೇಳಿದೆ. ಅವರು ಅದನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ತಿರುಗಿ ಹೇಳಿದರು. ಆಮೇಲೆ ಅರ್ಥ ಕೇಳಿದರು. ಅರ್ಥ ಕೇಳದೆ ಆ ಶಾಲೆಯವರು ಯಾವ ಹೆಸರನ್ನೂ ಬಿಡುವುದಿಲ್ಲ ಎಂದು ಕಾಣುತ್ತದೆ.

ಸೊಸೆ ಸ್ವಲ್ಪ ತಡೆದು ಏನೋ ಹೇಳಿದಳು. ಮುಖ್ಯಸ್ಥೆ ಎದೆಯ ಮೇಲೆ ಕೈಯಿಟ್ಟುಕೊಂಡು "ಆಆ" ಎಂದರು. ನನಗೆ ಅನುಮಾನ ಬಂತು.

"ಏನಂದೆ?"

"ತೃಪ್ತಿ ಅಂತ ಅತ್ತೆ. ಸಂತೃಪ್ತಿ."

"ಸುಳ್ಳು ಯಾಕೆ ಹೇಳ್ತೀಯಾ? ಹೆಣ್ಣುಮಕ್ಕಳು ಸಾಕು ಅಂತ ಇಟ್ಟಿದ್ದು. ಹಂಗೇ ಹೇಳು."

"ಅತ್ತೆ, ಪ್ಲೀಸ್. ಚೆನ್ನಾಗಿರಲ್ಲ."

"ನನ್ನ ಹೆಸರು, ನಿಂಗೇನು? ಹೇಳೇ."

ಹೇಳಿದಳು. ಕಿವಿ ಕೆಂಪಾಗಿತ್ತು. ಮುಖ್ಯಸ್ಥೆ ಎದೆಯ ಮೇಲಿನ ಕೈ ತೆಗೆದರು. ತಮ್ಮ ಅಜ್ಜಿಯ ಹೆಸರು ಹೇಳಿದರು. ಅದರ ಅರ್ಥ ನಿಲ್ಲಿಸು ಎಂದಂತೆ. ಇಲ್ಲೂ ಹಿಂದೆ ಹಾಗೆ ಇಡುತ್ತಿದ್ದರಂತೆ, ಮಕ್ಕಳು ಹೆಚ್ಚಾದಾಗ.

"ನಿಂತಿತಾ ಕೇಳು" ಎಂದೆ.

ಸೊಸೆ ಕೇಳಿದಳು. ಮುಖ್ಯಸ್ಥೆ ಮೂರು ಬೆರಳು ತೋರಿಸಿದರು. ಆಮೇಲೆ ಮೂವರು ಹುಟ್ಟಿದರಂತೆ. ನಾನು ಎರಡು ಬೆರಳು ತೋರಿಸಿದೆ. ಆಗ ಆ ಹೆಂಗಸು ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕ ಜಪಾನಿ ಹೆಂಗಸನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ನಾಳೆಯಿಂದ ತರಗತಿಯ ಹೆಸರು, ಆಮೇಲೆ ನನ್ನ ಹೆಸರು, ಅಷ್ಟು ಹೇಳಿದರೆ ಸಾಕು ಎಂದು ತೀರ್ಮಾನವಾಯಿತು. ಬಾಗಿಲ ಹೊರಗೆ ಬಂದ ಮೇಲೆ ಸೊಸೆ ಕೊಂಬಿನಿಗೆ ಹೋಗಿ ಎರಡು ಐಸ್ ಕ್ರೀಮ್ ತಂದಳು. ಒಂದು ನನ್ನ ಕೈಗಿಟ್ಟು ಸ್ಟೇಷನ್ ಕಡೆ ಓಡಿದಳು, ಆಫೀಸಿಗೆ.

ಮಾರನೆಯ ದಿನ ಗೇಟಿನ ಮುಂದೆ ಜನವಿರಲಿಲ್ಲ. ಗುಂಡಿ ಒತ್ತಿದೆ. "ಉಸಾಗಿ" ಎಂದೆ. ನನ್ನ ಹೆಸರು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಡಬ್ಬಿಯಿಂದ ಅದೇ ಹೆಸರು, ಇವರು ಗೌರವಕ್ಕೆ ಹಚ್ಚುವ 'ಸಾನ್' ಸೇರಿಕೊಂಡು, ಹೊರಗೆ ಬಂತು. ಬೀಗ ಕಟಕ್ ಎಂದಿತು. ಈ ಸಲ ಒದೆಯಲು ಸೇರು ಇರಲಿಲ್ಲ, ಕೈಯಲ್ಲಿ ತಳ್ಳಿ ಒಳಗೆ ಹೋದೆ.

ದಿನವೂ ಹಾಗೆ ನಡೆಯಿತು. ಸೊಸೆಯ ಮೂರು ತಿಂಗಳು ತೊಂದರೆಯಿಲ್ಲದೆ ಸಾಗುತ್ತಿತ್ತು. ಒಂದು ವಿಷಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಡಬ್ಬಿಯಲ್ಲಿ ನನ್ನ ಧ್ವನಿ ಕೇಳಿದೊಡನೆ ಟೀಚರ್ ತರಗತಿಯ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುತ್ತಿದ್ದಳು, ಇಂಥವರು ಬಂದಿದ್ದಾರೆ ಎಂದು. ಮರಿ ಅದನ್ನು ಕೇಳಿಸಿಕೊಳ್ಳುತ್ತಿತ್ತು. ಅಜ್ಜಿ ಎನ್ನುವುದೇ ನನ್ನ ಹೆಸರು ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಒಂದು ವಾರದಲ್ಲಿ ಮೊಲದ ತರಗತಿಯ ಮಕ್ಕಳೆಲ್ಲ ಗಾಜಿನ ಹಿಂದೆ ನಿಂತು ನನ್ನನ್ನು ಹೆಸರು ಹಿಡಿದು ಕೂಗತೊಡಗಿದರು, ಆ ತೆಲುಗರ ಹುಡುಗಿ ಎಲ್ಲರಿಗಿಂತ ಜೋರಾಗಿ. ಮರಿಯೂ ಕಲಿತ.

ಒಂದು ಭಾನುವಾರ ಎಲ್ಲರೂ ಪಾರ್ಕಿಗೆ ಹೋಗಿದ್ದೆವು. ಮರಿ ಜಾರುಬಂಡೆಯ ಮೇಲೆ ನಿಂತು, ಕೈಯಲ್ಲಾಡಿಸಿ, ನನ್ನ ಹೆಸರು ಕೂಗಿತು. ಬರೀ ಹೆಸರು, ಸಾನ್ ಇಲ್ಲ, ಅಜ್ಜಿ ಇಲ್ಲ. ಸೊಸೆ ಗಾಬರಿಯಾಗಿ ಎದ್ದು ನಿಂತಳು. ತಾತನ ಹೆಸರು ಹಿಡಿದು ಗದರಿದಳು.

"ಏಯ್! ದೊಡ್ಡೋರನ್ನ ಹೆಸರಿಡಿದು ಕರೀಬಾರ್ದು! ಸಾರಿ ಕೇಳು!"

"ವೈ? ಸೆನ್ಸೇ ಕಾಲ್ಸ್ ಹರ್ ದಟ್" ಎಂದ ಅವನು ಮೇಲಿನಿಂದ. ಸೆನ್ಸೇ ಎಂದರೆ ಟೀಚರ್.

"ಬಿಡೇ" ಎಂದೆ. "ಕರೀಲಿ."

"ಅತ್ತೆ, ಹೀಗೇ ಅಭ್ಯಾಸ ಆಗ್ಬಿಡುತ್ತೆ."

"ಆಗ್ಲಿ."

ಮರಿ ಮತ್ತೊಮ್ಮೆ ಕೂಗಿತು, ಜಾರುವುದನ್ನು ನಾನು ನೋಡಬೇಕಂತೆ.

"ಓ" ಎಂದೆ. ಎದ್ದು ಹೋಗಿ ಜಾರುಬಂಡೆಯ ಕೆಳಗೆ ನಿಂತೆ.